ರಾಜಧಾನಿಯ ಸಿರಿ, ಸುತ್ತಲಿನವರ ಪಾಲು

ಬೀಜಿಂಗ್ ಮತ್ತು ಅದಕ್ಕೆ ಹೊಂದಿಕೊಂಡಿರುವ ತಿಯಾನ್‌ಜಿನ್ ನಗರಗಳನ್ನು ಹೆಬೇ ಎಂಬ ಪ್ರಾಂತ್ಯ ಸುತ್ತುವರಿದಿದೆ. ಈ ಎರಡು ಶ್ರೀಮಂತ ನಗರಗಳ ಸುತ್ತಲೂ ಬಡತನದ ಒಂದು ವಲಯವೇ ಹಬ್ಬಿದೆ ಎಂದು 2005ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕ್ ತನ್ನ ವರದಿಯೊಂದರಲ್ಲಿ ಹೇಳಿತು. ಆ ವಲಯದಲ್ಲಿ 32 ಬಡ ಕೌಂಟಿಗಳಿದ್ದವು (ಕೌಂಟಿ ಎಂದರೆ ಪ್ರಾಂತ್ಯದೊಳಗಿನ ಒಂದು ಆಡಳಿತ ಘಟಕ), ಬಡವರ ಸಂಖ್ಯೆ ಸುಮಾರು 27 ಲಕ್ಷದಷ್ಟಿತ್ತು. ಇವು ದೇಶದ ಯಾವುದೋ ದುರ್ಗಮ ಮೂಲೆಯ ಊರುಗಳಾಗಿರಲಿಲ್ಲ. ಇವುಗಳಲ್ಲಿ ಕೆಲವು ಬೀಜಿಂಗ್‌ನ ಗಡಿಗೇ ಅಂಟಿಕೊಂಡಿದ್ದವು. ಸಾಮಾನ್ಯವಾಗಿ ಬಡತನವನ್ನು ನಾವು ದೂರದಿಂದ ಅಳೆಯುತ್ತೇವೆ: ರಸ್ತೆ ಮುಟ್ಟದ, ಅಧಿಕಾರಿಗಳು ಕಾಲಿಡದ ಊರಿನಲ್ಲಿ ಜನ ಬಡವರಾಗಿರುತ್ತಾರೆ, ರಾಜಧಾನಿಗೆ ಹತ್ತಿರವಾದಷ್ಟೂ ಬದುಕು ಹಸನಾಗುತ್ತದೆ ಎಂದು ನಂಬಿರುತ್ತೇವೆ. ಹೆಬೇ ಪ್ರಾಂತ್ಯದ ಉದಾಹರಣೆ ಆ ನಂಬಿಕೆಯನ್ನು ಬುಡಮೇಲು ಮಾಡುತ್ತದೆ. ಅಲ್ಲಿನ ಹಳ್ಳಿಗಳು ಬಡವಾಗಿ ಉಳಿದುದಕ್ಕೆ ರಾಜಧಾನಿಯ ಸಾಮೀಪ್ಯವೇ ಒಂದು ಕಾರಣವಾಗಿತ್ತು.

ಅದು ಹೇಗೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಬೀಜಿಂಗ್‌ನ ಜನ ದಶಕಗಳ ಕಾಲ ಕುಡಿಯುವ ನೀರಿಗಾಗಿ ಮುಖ್ಯವಾಗಿ ನೆಚ್ಚಿಕೊಂಡದ್ದು 1960ರ ಹೊತ್ತಿಗೆ ಕಟ್ಟಿ ಮುಗಿಸಿದ ಮಿಯುನ್ ಜಲಾಶಯವನ್ನು. ಆ ಜಲಾಶಯ ಬೀಜಿಂಗ್‌ನ ಆಡಳಿತ ವ್ಯಾಪ್ತಿಯಲ್ಲಿದೆಯಾದರೂ ಅದನ್ನು ತುಂಬಿಸುವ ಚಾವೊ ಮತ್ತು ಬಾಯ್ ನದಿಗಳು ಹರಿದು ಬರುವುದು ಹೆಬೇ ಪ್ರಾಂತ್ಯದ ಬೆಟ್ಟಸಾಲಿನ ಕೌಂಟಿಗಳಿಂದ. ಆ ನದಿಗಳ ದಂಡೆಯಲ್ಲಿ ರೈತರು ಭತ್ತ ಬೆಳೆಯುತ್ತಿದ್ದರು. ಭತ್ತದ ಗದ್ದೆಗೆ ನೀರು ಹೆಚ್ಚು ಬೇಕು, ಗದ್ದೆಯಿಂದ ಹೊರಬೀಳುವ ನೀರಿನಲ್ಲಿ ಗೊಬ್ಬರದ ಅಂಶವೂ ಇರುತ್ತದೆ. ಜಲಾಶಯ ಬತ್ತುತ್ತಾ ಬಂದಾಗ, 2006–07ರ ಸುಮಾರಿಗೆ, ಭತ್ತ ಬಿಟ್ಟು ಮೆಕ್ಕೆಜೋಳದಂಥ ಒಣಬೇಸಾಯದ ಬೆಳೆಗಳಿಗೆ ಬದಲಾಗಬೇಕೆಂಬ ಯೋಜನೆ ಜಾರಿಗೆ ಬಂತು. ಸುಮಾರು ಹದಿನೇಳು ಸಾವಿರ ಎಕರೆ ಗದ್ದೆ ಹೀಗೆ ಒಣ ಹೊಲವಾಯಿತು. ಬೀಜಿಂಗ್ ಸರ್ಕಾರ ಪ್ರತಿ ಮೂ ಜಮೀನಿಗೆ ಮೊದಲು ವರ್ಷಕ್ಕೆ 450 ಯುವಾನ್, ಮುಂದೆ 550 ಯುವಾನ್ ಪರಿಹಾರ ಕೊಟ್ಟಿತು. ಆರು ಮೂ ಸೇರಿದರೆ ಹೆಚ್ಚು ಕಡಿಮೆ ಒಂದು ಎಕರೆ. ತಾವು ಬೆಳೆದ ಅಕ್ಕಿಯನ್ನೇ ಉಣ್ಣುತ್ತಿದ್ದ ಮನೆಗಳು ಅಲ್ಲಿಂದ ಮುಂದೆ ಅಕ್ಕಿಯನ್ನು ದುಡ್ಡು ಕೊಟ್ಟು ತರಬೇಕಾಯಿತು.

ಈ ಯೋಜನೆಯಿಂದ ರೈತರಿಗೆ ಕೇಡೇ ಆಯಿತೆಂದು ಹೇಳಿದರೆ ತಪ್ಪಾಗುತ್ತದೆ. ಮೆಕ್ಕೆಜೋಳಕ್ಕೆ ದುಡಿಮೆ ಕಡಿಮೆ ಸಾಕಾದ್ದರಿಂದ ಉಳಿದ ಸಮಯದಲ್ಲಿ ಬೇರೆ ಕೂಲಿ ಮಾಡಿಕೊಂಡು, ಪರಿಹಾರದ ಹಣವೂ ಸೇರಿ, ಅನೇಕ ಕುಟುಂಬಗಳ ಸ್ಥಿತಿ ಸ್ವಲ್ಪ ಸುಧಾರಿಸಿತೆಂದು ಇದನ್ನು ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ನನಗೆ ಮುಖ್ಯವೆನಿಸುವ ಸಂಗತಿ ಬೇರೆಯದು. ಪರಿಹಾರ ಬಂದ ಮೇಲೆ ಸ್ಥಿತಿ ಸುಧಾರಿಸಿತು ಎಂದರೆ, ಅದಕ್ಕೆ ಹಿಂದಿನ ದಶಕಗಳಲ್ಲಿ ಆ ಕಣಿವೆಯ ನೀರು ರಾಜಧಾನಿಗೆ ಬೆಲೆಯಿಲ್ಲದೆ ಹರಿದಿತ್ತು ಎಂದೇ ಅರ್ಥ. ನೀರನ್ನು ಶುಚಿಯಾಗಿಡಲು ಅಲ್ಲಿ ಕಾರ್ಖಾನೆಗಳಿಗೆ ಕಡಿವಾಣ ಬಿತ್ತು, ದೂಳಿನ ಬಿರುಗಾಳಿ ನಗರಕ್ಕೆ ನುಗ್ಗಬಾರದೆಂದು ಗುಡ್ಡಗಳಲ್ಲಿ ಕುರಿ ಮೇಯಿಸುವುದಕ್ಕೆ ನಿಷೇಧ ಬಂತು. ಇವೆಲ್ಲವೂ ಸಮರ್ಥಿಸಿಕೊಳ್ಳಬಹುದಾದ ಉದ್ದೇಶಗಳೇ. ಆದರೆ ಲಾಭ ಒಂದು ಕಡೆ ಸೇರಿತು, ನಷ್ಟ ಇನ್ನೊಂದು ಕಡೆ ಉಳಿಯಿತು. ನಷ್ಟಕ್ಕೆ ಎಷ್ಟು ಬೆಲೆ ಕಟ್ಟಬೇಕೆಂಬುದನ್ನು ನಿರ್ಧರಿಸುವ ಬಲವೂ ಲಾಭ ಪಡೆದವರ ಕಡೆಗೇ ಇತ್ತು.

ರಾಜಧಾನಿಗೆ ಬೇಡವಾದದ್ದೂ ಹೀಗೆಯೇ ಹೊರಕ್ಕೆ ಸಾಗುತ್ತದೆ. ಬೀಜಿಂಗ್‌ನ ಗಾಳಿ ಕೆಡಿಸುತ್ತಿದ್ದ ಶೌಗಾಂಗ್ ಉಕ್ಕಿನ ಕಾರ್ಖಾನೆಯ ಉತ್ಪಾದನೆ 2010ರ ಕೊನೆಯ ಹೊತ್ತಿಗೆ ನಗರದಲ್ಲಿ ಪೂರ್ತಿ ನಿಂತು, ಹೆಬೇ ಪ್ರಾಂತ್ಯದ ಕರಾವಳಿಗೆ ಸ್ಥಳಾಂತರವಾಯಿತು. 2023ರ ಜುಲೈ ಕೊನೆಯಲ್ಲಿ ಚಂಡಮಾರುತದ ಮಳೆ ಸುರಿದಾಗ ಪ್ರವಾಹದ ನೀರನ್ನು ಹೆಬೇ ಪ್ರಾಂತ್ಯದ ತಗ್ಗು ಪ್ರದೇಶಗಳಿಗೆ ತಿರುಗಿಸಲಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೊರಡಬೇಕಾಯಿತು. ರಾಜಧಾನಿಗೆ ಹೆಬೇ ಒಂದು ರಕ್ಷಣಾ ಕಂದಕವಾಗಿ ನಿಲ್ಲಬೇಕು ಎಂಬರ್ಥದ ಮಾತನ್ನು ಆ ಪ್ರಾಂತ್ಯದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರೇ ಆಡಿದಾಗ ಮುಳುಗಿದ ಊರುಗಳ ಜನ ಸಿಟ್ಟಿಗೆದ್ದರು. ಕಂದಕ ಕೋಟೆಯೊಳಗಿನವರನ್ನು ಕಾಯುತ್ತದೆ. ಆ ಕಂದಕದಲ್ಲೇ ಮನೆ ಕಟ್ಟಿಕೊಂಡಿದ್ದವರ ನೋವು ಆ ಮಾತಿನಲ್ಲಿ ಲೆಕ್ಕಕ್ಕೇ ಬಂದಿರಲಿಲ್ಲ.

ಹೆಬೇ ಬಗ್ಗೆ ಇಷ್ಟು ವಿಸ್ತಾರವಾಗಿ ಬರೆದದ್ದಕ್ಕೆ ಕಾರಣವಿದೆ. ರಾಜಧಾನಿಗಳ ಸುತ್ತಲಿನ ಬಡತನವನ್ನು ಅಭಿವೃದ್ಧಿ ಇನ್ನೂ ತಲುಪದ ಜಾಗವೆಂದು, ಕಾಲ ಕಳೆದಂತೆ ತಾನಾಗಿ ತುಂಬಿಕೊಳ್ಳುವ ಕೊರತೆಯೆಂದು ವಿವರಿಸುವುದು ವಾಡಿಕೆ. ಆ ವಿವರಣೆಯನ್ನು ನಾನು ಒಪ್ಪುವುದಿಲ್ಲ. ರಾಜಧಾನಿಯನ್ನು ಶ್ರೀಮಂತಗೊಳಿಸಿದ ನಿರ್ಧಾರಗಳೇ ಬಹುಮಟ್ಟಿಗೆ ಅದರ ಅಂಚನ್ನು ಬಡವಾಗಿಸಿವೆ: ಕೊಳವೆ ಎಲ್ಲಿಯವರೆಗೆ ಹೋಗಬೇಕು, ಮೆಟ್ರೋ ಯಾವ ನಿಲ್ದಾಣದಲ್ಲಿ ನಿಲ್ಲಬೇಕು, ಯಾವ ಬಡಾವಣೆಯನ್ನು ನಗರದ ಗಡಿಯೊಳಗೆ ಸೇರಿಸಬೇಕು, ಯಾವುದನ್ನು ಹೊರಗಿಡಬೇಕು ಎಂಬ ನಿರ್ಧಾರಗಳು.

ಹಾಗಾದರೆ ರಾಜಧಾನಿಗೆ ಸಂಪತ್ತು ಬರುವುದು ಎಲ್ಲಿಂದ? ಬಂದರೋ ಗಣಿಯೋ ದೊಡ್ಡ ಕಾರ್ಖಾನೆಯೋ ಇಲ್ಲದ ಊರುಗಳೂ ರಾಜಧಾನಿಯಾದ ಮಾತ್ರಕ್ಕೆ ಹೇಗೆ ಸಿರಿವಂತವಾಗುತ್ತವೆ? ವಾಷಿಂಗ್ಟನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಅತಿ ಶ್ರೀಮಂತ ಕೌಂಟಿಗಳ ಪಟ್ಟಿಯಲ್ಲಿ ವರ್ಷವರ್ಷವೂ ಮೇಲಿನ ಸ್ಥಾನಗಳಲ್ಲಿ ಕಾಣಿಸುವ ಲೌಡನ್ ಮತ್ತು ಫೇರ್‌ಫ್ಯಾಕ್ಸ್ ಕೌಂಟಿಗಳು ಆ ನಗರದ ಹೊರವಲಯದಲ್ಲಿವೆ. ಲೌಡನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳ ವಾರ್ಷಿಕ ಆದಾಯ ಒಂದೂವರೆ ಲಕ್ಷ ಡಾಲರ್ ಮೀರುತ್ತದೆ. ಇತ್ತೀಚಿನ ದಶಕಗಳಲ್ಲಿ ಅಲ್ಲಿ ಬೃಹತ್ ದತ್ತಾಂಶ ಕೇಂದ್ರಗಳು ತಲೆಯೆತ್ತಿವೆ ಎಂಬುದು ನಿಜ. ಆದರೆ ಇಡೀ ಪ್ರದೇಶದ ಸಿರಿಯ ಬೇರು ಕೇಂದ್ರ ಸರ್ಕಾರದ ಗುತ್ತಿಗೆಗಳಲ್ಲಿದೆ. ರಕ್ಷಣಾ ಸಾಮಗ್ರಿಯ ಕಂಪನಿಗಳು, ಸಲಹಾ ಸಂಸ್ಥೆಗಳು, ವಕೀಲರು, ಉದ್ಯಮಗಳ ಪರವಾಗಿ ಶಾಸಕರನ್ನು ಒಲಿಸಿಕೊಳ್ಳಲು ನೇಮಕಗೊಂಡವರು, ಇವರೆಲ್ಲರಿಗೂ ಬೇಕಾದದ್ದು ನಿರ್ಧಾರ ನಡೆಯುವ ಕೋಣೆಗೆ ಹತ್ತಿರವಿರುವುದು. ದೇಶದ ಮೂಲೆಮೂಲೆಯಿಂದ ತೆರಿಗೆಯಾಗಿ ಬಂದ ಹಣ ಖರ್ಚಾಗಿ ಹೊರಹೋಗುವ ದಾರಿಯಲ್ಲಿ ಒಂದಷ್ಟು ಭಾಗ ಆ ಕೋಣೆಯ ಸುತ್ತಮುತ್ತಲೇ ಸಂಬಳವಾಗಿ, ಶುಲ್ಕವಾಗಿ, ಲಾಭವಾಗಿ ತಂಗುತ್ತದೆ.

ಅದೇ ನಗರದಲ್ಲಿ ಅನಕಾಸ್ಟಿಯಾ ನದಿಯನ್ನು ದಾಟಿ ಪೂರ್ವಕ್ಕೆ ಹೋದರೆ ಬಹುಪಾಲು ಕಪ್ಪುವರ್ಣೀಯರೇ ವಾಸಿಸುವ ಏಳು ಮತ್ತು ಎಂಟನೇ ವಾರ್ಡ್‌ಗಳು ಸಿಗುತ್ತವೆ. ಒಂದೂವರೆ ಲಕ್ಷದಷ್ಟು ಜನರಿರುವ ಈ ಭಾಗದಲ್ಲಿ ತಾಜಾ ತರಕಾರಿ, ಹಣ್ಣು, ಮಾಂಸ ಎಲ್ಲವೂ ಸಿಗುವ ದೊಡ್ಡ ದಿನಸಿ ಮಳಿಗೆಗಳು ಬೆರಳೆಣಿಕೆಯಷ್ಟೇ. ನಗರದ ವಾಯವ್ಯ ಭಾಗದ ಶ್ರೀಮಂತ ವಾರ್ಡಿನವರಿಗೆ ಹೋಲಿಸಿದರೆ ಇಲ್ಲಿನವರ ಸರಾಸರಿ ಆಯಸ್ಸಿನಲ್ಲಿ ಹತ್ತು ವರ್ಷಕ್ಕೂ ಮೀರಿದ ಕೊರತೆಯಿದೆ. ಇವರ ಮನೆಗಳಿಂದ ಸಂಸತ್ ಭವನದ ಗುಮ್ಮಟ ಕೆಲವೇ ಮೈಲಿ ದೂರ. ಸರ್ಕಾರದ ಹತ್ತಿರ ವಾಸಿಸುವುದಕ್ಕೂ ಸರ್ಕಾರಕ್ಕೆ ಹತ್ತಿರವಾಗಿರುವುದಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಊರು ನನಗೆ ಗೊತ್ತಿಲ್ಲ.

ಅಧಿಕಾರ ಕೆಲವರ ಮುಷ್ಟಿಯಲ್ಲಿದ್ದಷ್ಟೂ ಈ ಸೆಳೆತ ಬಲವಾಗುತ್ತದೆ. ಆಲ್ಬರ್ಟೊ ಏಡ್ಸ್ ಮತ್ತು ಎಡ್ವರ್ಡ್ ಗ್ಲೇಸರ್ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳನ್ನು ಹೋಲಿಸಿ, ಸರ್ವಾಧಿಕಾರವಿರುವ ದೇಶಗಳ ಪ್ರಧಾನ ನಗರಗಳು ಪ್ರಜಾಪ್ರಭುತ್ವಗಳಲ್ಲಿನ ಅಂಥ ನಗರಗಳಿಗಿಂತ ಸರಾಸರಿ ಶೇ 50ರಷ್ಟು ದೊಡ್ಡವೆಂದು 1995ರಲ್ಲಿ ತೋರಿಸಿದರು. ಹಳ್ಳಿಯವನ ಅಹವಾಲಿಗೆ ಹಳ್ಳಿಯಲ್ಲೇ ಬೆಲೆಯಿಲ್ಲದಿದ್ದರೆ ಅವನು ಅಹವಾಲು ಕೇಳಿಸುವ ಊರಿಗೆ ಹೊರಡುತ್ತಾನೆ. ಅಲ್ಲಿ ಅವನಿಗೆ ಸಿಗುವುದು ಅಂಚಿನ ಜಾಗ ಮಾತ್ರ. ಇದಕ್ಕೆ ಅಪವಾದಗಳೂ ಇವೆ. ಜರ್ಮನಿ ಇಬ್ಭಾಗವಾಗಿದ್ದ ಕಾಲದಲ್ಲಿ ಸೀಮೆನ್ಸ್‌ನಂಥ ಕಂಪನಿಗಳು ಮ್ಯೂನಿಕ್‌ಗೆ, ಬ್ಯಾಂಕುಗಳು ಫ್ರಾಂಕ್‌ಫರ್ಟ್‌ಗೆ ಹೊರಟುಹೋದ್ದರಿಂದ, ಮತ್ತೆ ಒಂದಾದ ದೇಶದ ರಾಜಧಾನಿಯಾದ ಮೇಲೂ ಬರ್ಲಿನ್‌ನ ತಲಾ ಉತ್ಪನ್ನ ಬಹುಕಾಲ ದೇಶದ ಸರಾಸರಿಗಿಂತ ಕೆಳಗೇ ಇತ್ತು. ರಾಜಧಾನಿಯ ಕೈಯಲ್ಲೇ ಎಲ್ಲವೂ ಸೇರುವುದು ವಿಧಿಲಿಖಿತವೇನಲ್ಲ ಎನ್ನಲು ಇಷ್ಟು ಸಾಕು.

ಸರಾಸರಿಯ ಲೆಕ್ಕಗಳು ಈ ವಿಷಯದಲ್ಲಿ ನಮ್ಮ ಕಣ್ಣು ಕಟ್ಟುತ್ತವೆ ಎಂಬುದನ್ನೂ ಇಲ್ಲೇ ಹೇಳಬೇಕು. ಬ್ರಿಟನ್ನಿನಲ್ಲಿ ತಲಾ ಉತ್ಪನ್ನ ಅತಿ ಹೆಚ್ಚಿರುವುದು ಲಂಡನ್‌ನಲ್ಲಿ. ಆದರೆ ಮನೆಯ ಖರ್ಚು ಕಳೆದು ಉಳಿಯುವ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಬಡತನದ ಪ್ರಮಾಣ ಅತಿ ಹೆಚ್ಚಿರುವ ಪ್ರದೇಶಗಳ ಸಾಲಿಗೆ ಅದೇ ಲಂಡನ್ ಬಂದು ಸೇರುತ್ತದೆ. ರಾಜಧಾನಿಯಲ್ಲಿ ದುಡಿಯುವವರು ಗಳಿಸಿದ್ದರಲ್ಲಿ ದೊಡ್ಡ ಪಾಲು ಅಲ್ಲಿ ನೆಲ ಹೊಂದಿದವರಿಗೆ ಬಾಡಿಗೆಯಾಗಿ ಸಲ್ಲುತ್ತದೆ. ಹೊಸ ರೈಲುಮಾರ್ಗವೋ ಉದ್ಯಾನವೋ ಸರ್ಕಾರದ ಖರ್ಚಿನಲ್ಲಿ ಬಂದಾಗ ಅದರ ಸುತ್ತಲಿನ ನೆಲದ ಬೆಲೆ ಏರುತ್ತದೆ. ಮನೆ ಇದ್ದವನಿಗೆ ಅದು ಕುಳಿತಲ್ಲೇ ಬಂದ ಲಾಭ, ಬಾಡಿಗೆಗಿದ್ದವನಿಗೆ ಇನ್ನೂ ದೂರ ಹೋಗೆಂಬ ಸೂಚನೆ.

ಹಳೆಯ ನಗರಗಳಲ್ಲಿ ಇದೆಲ್ಲ ಶತಮಾನಗಳಿಂದ ತಾನಾಗಿ ಬೆಳೆದು ಬಂದದ್ದು, ಹೊಸದಾಗಿ ಯೋಜಿಸಿ ಕಟ್ಟಿದರೆ ಸಮಾನತೆಯ ನಗರ ಸಾಧ್ಯ ಎಂದು ಯೋಚಿಸಿದವರಿದ್ದರು. ಬ್ರೆಜಿಲ್‌ನ ಬ್ರಸೀಲಿಯಾ ಆ ಯೋಚನೆಯ ಫಲ. ಲೂಸಿಯೊ ಕೋಸ್ಟಾ ರೂಪಿಸಿದ ನಕ್ಷೆ, ಆಸ್ಕರ್ ನೀಮೆಯರ್ ವಿನ್ಯಾಸಗೊಳಿಸಿದ ಕಟ್ಟಡಗಳು, ಅಧ್ಯಕ್ಷ ಜುಸೆಲಿನೊ ಕುಬಿಚೆಕ್ ಅವರ ಹಟ ಇವೆಲ್ಲ ಸೇರಿ, ಬಯಲಿನಲ್ಲಿ ನಾಲ್ಕು ವರ್ಷದೊಳಗೆ ಎದ್ದುನಿಂತ ಆ ನಗರ 1960ರ ಏಪ್ರಿಲ್ 21ರಂದು ಉದ್ಘಾಟನೆಯಾಯಿತು. ಮಂತ್ರಿಯೂ ಗುಮಾಸ್ತನೂ ಒಂದೇ ಬಗೆಯ ವಸತಿ ಸಮುಚ್ಚಯಗಳಲ್ಲಿ ನೆರೆಹೊರೆಯವರಾಗಿ ಬದುಕಬೇಕೆಂಬ ಆಶಯ ಅದರ ಹಿಂದಿತ್ತು, ಆ ಆಶಯದ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ನಗರವನ್ನು ಕಟ್ಟಲು ಬಹುಪಾಲು ಈಶಾನ್ಯದ ಬರಪೀಡಿತ ಪ್ರದೇಶಗಳಿಂದ ಬಂದ ಸಾವಿರಾರು ಕೂಲಿಗಳಿಗೆ ಆ ನಕ್ಷೆಯಲ್ಲಿ ಮನೆಯಿರಲಿಲ್ಲ. ಕಟ್ಟಿ ಮುಗಿಸಿದ ಮೇಲೆ ಅವರು ಊರಿಗೆ ಮರಳುತ್ತಾರೆಂಬ ಎಣಿಕೆ ಇತ್ತು. ಅವರು ಮರಳಲಿಲ್ಲ. ಹೀಗಾಗಿ ರಾಜಧಾನಿ ಉದ್ಘಾಟನೆಯಾಗುವ ಮೊದಲೇ, 1958ರಲ್ಲೇ, ಅವರಿಗೆಂದು ತಗುವಾಟಿಂಗ ಎಂಬ ಉಪನಗರ ದೂರದಲ್ಲಿ ಹುಟ್ಟಿಕೊಂಡಿತು. 1971ರಲ್ಲಿ ಗುಡಿಸಲುಗಳನ್ನು ಕಿತ್ತು ಜನರನ್ನು ಸಾಗಿಸಿದ ಇನ್ನೊಂದು ಊರಿಗೆ ಸೆಯಿಲಾಂಡಿಯಾ ಎಂದು ಹೆಸರಾಯಿತು. ಅತಿಕ್ರಮಣಗಳನ್ನು ನಿರ್ಮೂಲ ಮಾಡುವ ಸರ್ಕಾರಿ ಅಭಿಯಾನದ ಮೊದಲಕ್ಷರಗಳೇ ಆ ಹೆಸರಿನ ಮುಂಭಾಗದಲ್ಲಿವೆ. ತಮ್ಮನ್ನು ಒಕ್ಕಲೆಬ್ಬಿಸಿದ ಕಾರ್ಯಕ್ರಮದ ಹೆಸರನ್ನೇ ಅಲ್ಲಿನ ಜನ ಇಂದಿಗೂ ತಮ್ಮ ವಿಳಾಸದಲ್ಲಿ ಬರೆಯುತ್ತಾರೆ. ಆ ಊರಿನ ಅಂಚಿನಲ್ಲಿ ಬೆಳೆದ ಸೋಲ್ ನಸೆಂಟೆ ಎಂಬ ಕೊಳೆಗೇರಿಯಲ್ಲಿ 2022ರ ಜನಗಣತಿ ಸುಮಾರು ಎಪ್ಪತ್ತು ಸಾವಿರ ಜನರನ್ನು ಎಣಿಸಿತು. ಬ್ರೆಜಿಲ್‌ನ ಅತಿ ದೊಡ್ಡ ಕೊಳೆಗೇರಿಗಳಲ್ಲಿ ಅದೂ ಒಂದು. ದೇಶದಲ್ಲೇ ಅತಿ ಹೆಚ್ಚು ತಲಾ ಆದಾಯವಿರುವ ಆಡಳಿತ ಘಟಕ ಯಾವುದೆಂದು ಕೇಳಿದರೆ, ಇವೆಲ್ಲವನ್ನೂ ಒಳಗೊಂಡ ಅದೇ ರಾಜಧಾನಿ ಜಿಲ್ಲೆ.

ಪ್ಯಾರಿಸ್‌ನ ಗಡಿ ಇನ್ನೂ ಹಳೆಯದು. 1840ರ ದಶಕದಲ್ಲಿ ಶತ್ರುಗಳನ್ನು ತಡೆಯಲು ನಗರದ ಸುತ್ತ ಕಟ್ಟಿದ ಕೋಟೆಗೋಡೆಯನ್ನು ಮೊದಲ ಮಹಾಯುದ್ಧದ ನಂತರ ಕೆಡವಲಾಯಿತು. ಅದು ನಿಂತಿದ್ದ ಸುತ್ತುಬಳಸಿನ ಜಾಗದಲ್ಲೇ 1973ರ ಹೊತ್ತಿಗೆ 35 ಕಿಲೋಮೀಟರ್ ಉದ್ದದ ವರ್ತುಲ ಹೆದ್ದಾರಿ ಪೂರ್ಣಗೊಂಡಿತು. ಕಲ್ಲಿನ ಗೋಡೆ ಹೋಗಿ ವಾಹನಗಳ ಗೋಡೆ ಬಂತು. ಇಂದಿಗೂ ಬಹುಮಟ್ಟಿಗೆ ಆ ಹೆದ್ದಾರಿಯ ಒಳಗಿರುವುದಷ್ಟೇ ಪ್ಯಾರಿಸ್ ನಗರಸಭೆ. ಅದರಾಚೆ ಈಶಾನ್ಯಕ್ಕಿರುವ ಸೇನ್-ಸಾಂ-ದನಿ, ಫ್ರಾನ್ಸ್‌ನ ಮುಖ್ಯ ಭೂಭಾಗದ ಅತಿ ಬಡ ಜಿಲ್ಲೆ. ಅಲ್ಲಿನ ಕ್ಲಿಶಿ-ಸೂ-ಬುವಾ ಎಂಬ ಊರು ಪ್ಯಾರಿಸ್‌ನ ನಡುಮಧ್ಯದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. 2005ರಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ವಿದ್ಯುತ್ ಉಪಕೇಂದ್ರದೊಳಗೆ ಹೊಕ್ಕ ಇಬ್ಬರು ಹುಡುಗರು ಸತ್ತಾಗ ಇಡೀ ದೇಶಕ್ಕೆ ಹಬ್ಬಿದ ಗಲಭೆ ಹೊತ್ತಿಕೊಂಡದ್ದು ಆ ಊರಿನಲ್ಲೇ. ಆಗ ಅಲ್ಲಿಗೆ ಮೆಟ್ರೋ ಇರಲಿಲ್ಲ, ರೈಲು ಇರಲಿಲ್ಲ. ಅಷ್ಟು ಹತ್ತಿರದ ರಾಜಧಾನಿಯನ್ನು ಬಸ್ಸು, ರೈಲು ಬದಲಿಸಿ ತಲುಪಲು ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅಲ್ಲಿಗೆ ಟ್ರಾಮ್ ಬಂದದ್ದು 2019ರ ಡಿಸೆಂಬರ್‌ನಲ್ಲಿ, ಅಂದರೆ ಹದಿನಾಲ್ಕು ವರ್ಷಗಳ ನಂತರ. ನಸುಕಿನಲ್ಲಿ ಕಚೇರಿಗಳನ್ನು ಗುಡಿಸಿ ಒರೆಸುವವರು, ಹೋಟೆಲಿನ ಅಡುಗೆಮನೆಗಳಲ್ಲಿ ದುಡಿಯುವವರು, ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವವರು ವಾಸಿಸುವುದು ಹೆಚ್ಚಾಗಿ ಇಂಥ ಊರುಗಳಲ್ಲೇ. ಪ್ರತಿದಿನ ಪ್ರಯಾಣಕ್ಕೆ ಕೊಡುವ ಆ ಗಂಟೆಗಳನ್ನು ಯಾವ ಸಂಬಳದ ಚೀಟಿಯೂ ಲೆಕ್ಕ ಹಿಡಿಯುವುದಿಲ್ಲ. ಅವರ ಮಕ್ಕಳು ಮಾತ್ರ ಲೆಕ್ಕ ಹಿಡಿಯುತ್ತಾರೆ.

ಪೆರುವಿನ ರಾಜಧಾನಿ ಲಿಮಾದಲ್ಲಿ ಗೋಡೆ ನಿಜವಾದ ಗೋಡೆಯೇ ಆಗಿತ್ತು. ಬೋಳುಗುಡ್ಡದ ಒಂದು ಮಗ್ಗುಲಲ್ಲಿ ಕಾಸುವಾರಿನಾಸ್ ಎಂಬ ಸಿರಿವಂತರ ಬಡಾವಣೆ, ಇನ್ನೊಂದು ಮಗ್ಗುಲಲ್ಲಿ ಪಾಂಪ್ಲೋನಾ ಆಲ್ಟಾ ಎಂಬ ಬಡವರ ನೆಲೆ. ನಡುವೆ ಗುಡ್ಡದ ನೆತ್ತಿಯಗುಂಟ ಮುಳ್ಳುತಂತಿ ಹೊದ್ದ ಕಾಂಕ್ರೀಟ್ ಗೋಡೆ. 1980ರ ದಶಕದಿಂದ ತುಂಡುತುಂಡಾಗಿ ಬೆಳೆದ ಅದು ಸುಮಾರು 10 ಕಿಲೋಮೀಟರ್ ಉದ್ದವಾಯಿತು, ಜನ ಅದಕ್ಕೆ ನಾಚಿಕೆಯ ಗೋಡೆ ಎಂದು ಹೆಸರಿಟ್ಟರು. ಆಂಡೀಸ್ ಪರ್ವತದ ಹಳ್ಳಿಗಳಿಂದ ಬಡತನಕ್ಕೂ ಬಂಡುಕೋರರ ಮತ್ತು ಸೇನೆಯ ನಡುವಿನ ಹಿಂಸೆಗೂ ಅಂಜಿ ಓಡಿಬಂದವರು ಈ ಮರಳುಗುಡ್ಡಗಳ ಮೇಲೆ ಹಲಗೆ ಮತ್ತು ತಗಡಿನ ಮನೆ ಕಟ್ಟಿಕೊಂಡಿದ್ದಾರೆ. ಲಿಮಾ ಮರುಭೂಮಿಯ ನಗರ, ಅಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಗುಡ್ಡದ ಮೇಲಿನ ಮನೆಗಳಿಗೆ ಕೊಳವೆ ನೀರಿಲ್ಲದ್ದರಿಂದ ಟ್ಯಾಂಕರ್ ಬರುತ್ತದೆ. ಅದು ಏರಬಲ್ಲಷ್ಟು ದೂರ ಏರಿ ನಿಲ್ಲುತ್ತದೆ. ರಸ್ತೆಬದಿಯಲ್ಲಿ ಸಾಲಾಗಿಟ್ಟ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ನೀರು ತುಂಬುತ್ತಾರೆ, ಅಲ್ಲಿಂದ ಮೇಲಕ್ಕೆ ಮೆಟ್ಟಿಲು ಹತ್ತಿ ಬಕೆಟ್ಟಿನಲ್ಲಿ ಹೊರಬೇಕು. ಹೀಗೆ ಕೊಂಡ ನೀರಿನ ಬೆಲೆ, ಗುಡ್ಡದಾಚೆ ನಲ್ಲಿ ತಿರುಗಿಸಿ ಈಜುಕೊಳ ತುಂಬಿಸಿಕೊಳ್ಳುವವರು ತೆರುವ ಬೆಲೆಯ ಹಲವು ಪಟ್ಟು. ಬಡವರ ಬಳಿ ನೀರಿಗೆ ಕೊಡಲು ಹಣವಿಲ್ಲ, ಆದ್ದರಿಂದ ಕೊಳವೆ ಹಾಕುವುದು ಲಾಭದಾಯಕವಲ್ಲ ಎನ್ನುವವರು ಆ ಟ್ಯಾಂಕರಿನವನಿಗೆ ಸಂದಾಯವಾಗುವ ಹಣವನ್ನು ಒಮ್ಮೆ ಲೆಕ್ಕ ಹಾಕಬೇಕು. 2022ರ ಕೊನೆಯಲ್ಲಿ ಪೆರುವಿನ ಸಂವಿಧಾನ ನ್ಯಾಯಮಂಡಳಿ ಇದೇ ಗೋಡೆಯ ಒಂದು ಭಾಗವನ್ನು ಕೆಡವುವಂತೆ ಆದೇಶಿಸಿತು, ಮರುವರ್ಷ ಕೆಡಹುವ ಕೆಲಸ ಶುರುವಾಯಿತು. ಆ ತೀರ್ಪನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಕಾಂಕ್ರೀಟನ್ನು ಒಡೆಯಲು ಒಂದು ಆದೇಶ ಸಾಕು. ಗುಡ್ಡದ ಮೇಲಿನ ಮನೆಗಳಿಗೆ ನಲ್ಲಿ ತಲುಪಬೇಕಾದರೆ ವರ್ಷ ವರ್ಷದ ಬಜೆಟ್ಟು, ಪಂಪು, ತೊಟ್ಟಿ, ಹಕ್ಕುಪತ್ರ ಎಲ್ಲವೂ ಬೇಕು.

ಈಚೆಗೆ ಹಲವು ಸರ್ಕಾರಗಳು ಇಂಥ ರಾಜಧಾನಿಗಳಿಂದ ಎದ್ದು ಹೋಗುವುದನ್ನೇ ಪರಿಹಾರವೆಂದು ಆರಿಸಿಕೊಳ್ಳುತ್ತಿವೆ. ಮ್ಯಾನ್ಮಾರ್‌ನ ಸೇನಾಡಳಿತ 2005ರಲ್ಲಿ ಯಾಂಗೊನ್ ಬಿಟ್ಟು ನೇಪಿಡಾಗೆ ಹೋಯಿತು. ಈಜಿಪ್ಟ್ 2015ರಲ್ಲಿ ಕೈರೋದ ಪೂರ್ವಕ್ಕೆ, ಸುಮಾರು 45 ಕಿಲೋಮೀಟರ್ ಆಚೆಯ ಮರಳುಗಾಡಿನಲ್ಲಿ ಹೊಸ ಆಡಳಿತ ರಾಜಧಾನಿ ಕಟ್ಟುವುದಾಗಿ ಘೋಷಿಸಿತು. ಇಂಡೊನೇಷ್ಯಾ ಬೋರ್ನಿಯೊ ದ್ವೀಪದಲ್ಲಿ ನುಸಂತಾರ ಎಂಬ ನಗರಕ್ಕೆ 2022ರಲ್ಲಿ ಕಾನೂನು ಮಾಡಿತು. ಜಕಾರ್ತ ಕುಸಿಯುತ್ತಿದೆ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಕೊಳವೆ ನೀರು ಎಲ್ಲರಿಗೂ ತಲುಪದ್ದರಿಂದ ಮನೆಗಳೂ ಕಟ್ಟಡಗಳೂ ಅಂತರ್ಜಲವನ್ನೇ ಎತ್ತಿ ಎತ್ತಿ ನೆಲ ಕುಸಿಯುತ್ತಿದೆ. ಸರ್ಕಾರ ಎದ್ದು ಹೋಗಬಹುದು, ಜಕಾರ್ತದ ಉತ್ತರ ತೀರದ ಮೀನುಗಾರರ ಕೇರಿಗಳು ಎದ್ದು ಹೋಗಲಾರವು. ಇಲ್ಲಿ ಫಿಲಿಪೆ ಕಂಪಾಂತೆ ಮತ್ತು ಕ್ವಾಕ್-ಆನ್ ಡೊ 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನೆಯಬೇಕು. ಅಮೆರಿಕದ ರಾಜ್ಯಗಳನ್ನು ಪರಿಶೀಲಿಸಿದ ಅವರು, ಜನವಸತಿಯಿಂದ ದೂರವಾಗಿ ಒಂಟಿಯಾಗಿರುವ ರಾಜಧಾನಿಗಳಲ್ಲಿ ಭ್ರಷ್ಟಾಚಾರ ಹೆಚ್ಚೆಂದೂ ಅಂಥ ಕಡೆ ಪತ್ರಿಕೆಗಳು ರಾಜ್ಯದ ರಾಜಕೀಯವನ್ನು ವರದಿ ಮಾಡುವುದು ಕಡಿಮೆಯೆಂದೂ ಕಂಡುಕೊಂಡರು. ಬಡವರ ಕೇರಿ ಕಿಟಕಿಗೆ ಕಾಣುವಷ್ಟು ಹತ್ತಿರವಿದ್ದಾಗಲೂ ಕಾಣದಂತೆ ಕುಳಿತವರು, ಮರಳುಗಾಡಿನ ನಡುವೆ ಹೋಗಿ ಕುಳಿತರೆ ಅವರನ್ನು ಪ್ರಶ್ನಿಸಲು ಮೆರವಣಿಗೆಯಾದರೂ ಎಲ್ಲಿಗೆ ಹೋಗಬೇಕು?

ಇನ್ನೊಂದು ದಾರಿಯನ್ನು ಕೊಲಂಬಿಯಾದ ಬೊಗೊಟಾ ಹಿಡಿದಿದೆ. ಅಲ್ಲಿ ಪ್ರತಿ ಬಡಾವಣೆಗೂ ಒಂದರಿಂದ ಆರರವರೆಗೆ ಒಂದು ದರ್ಜೆಯಿದೆ. 1994ರ ಕಾನೂನಿನಂತೆ ಐದು ಮತ್ತು ಆರನೇ ದರ್ಜೆಯವರು ನೀರು, ವಿದ್ಯುತ್ತಿಗೆ ಹೆಚ್ಚು ಹಣ ಕೊಡುತ್ತಾರೆ, ಆ ಹಣದಿಂದ ಒಂದು, ಎರಡು, ಮೂರನೇ ದರ್ಜೆಯವರ ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆ. ದರ್ಜೆಯ ಅಂಕಿ ಬಿಲ್ಲಿನ ಮೇಲೇ ಅಚ್ಚಾಗಿರುತ್ತದೆ. ನಗರದ ದಕ್ಷಿಣದ ಕಡಿದಾದ ಗುಡ್ಡಗಳ ಮೇಲಿರುವ ಸಿಯುದಾದ್ ಬೊಲಿವಾರ್, ಒಂದು ಮತ್ತು ಎರಡನೇ ದರ್ಜೆಯ ಮನೆಗಳೇ ತುಂಬಿರುವ ಪ್ರದೇಶ. 2018ರ ಡಿಸೆಂಬರ್‌ನಲ್ಲಿ ಅಲ್ಲಿಗೆ ತೂಗುತೊಟ್ಟಿಲ (ಕೇಬಲ್ ಕಾರ್) ಮಾರ್ಗವೊಂದು ಬಂತು: ಮೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಉದ್ದ, ನಾಲ್ಕು ನಿಲ್ದಾಣ. ಅಂಕುಡೊಂಕು ರಸ್ತೆಯಲ್ಲಿ ಸುಮಾರು ಒಂದು ಗಂಟೆ ಹಿಡಿಯುತ್ತಿದ್ದ ದಾರಿ ಕಾಲು ಗಂಟೆಗೆ ಇಳಿಯಿತು. ಅದರ ಒಂದು ನಿಲ್ದಾಣದ ಬಳಿ 2020ರಲ್ಲಿ ನಗರಸಭೆ ಆರೈಕೆ ಕೇಂದ್ರವೊಂದನ್ನು ತೆರೆಯಿತು. ಮನೆಯ ಮಕ್ಕಳನ್ನೂ ವೃದ್ಧರನ್ನೂ ನೋಡಿಕೊಳ್ಳುತ್ತಲೇ ದಿನ ಕಳೆಯುವ ಹೆಂಗಸರು ಅಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಿ, ಮಕ್ಕಳನ್ನು ಸಿಬ್ಬಂದಿಯ ಬಳಿ ಬಿಟ್ಟು, ಅರ್ಧಕ್ಕೆ ನಿಂತ ಶಾಲೆಯ ಓದನ್ನು ಮುಂದುವರಿಸಬಹುದು. ರಾಜಧಾನಿಯ ಖಜಾನೆಯ ಹಣ ಗುಡ್ಡದ ನೆತ್ತಿಯವರೆಗೂ ಹೋಗಿ ಯಾರದೋ ಒಂದು ಮಧ್ಯಾಹ್ನವನ್ನು ಬಿಡುವು ಮಾಡಿಕೊಡಬಲ್ಲದು ಎಂಬುದಕ್ಕೆ ಇದು ಪುರಾವೆ. ಇದಕ್ಕೂ ಬೇಕಾದದ್ದು ಮೆಟ್ರೋ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವಂಥದೇ ಒಂದು ತೀರ್ಮಾನ. ಹಾಗೆಂದು ಬೊಗೊಟಾದ ಅಸಮಾನತೆ ಕರಗಿಲ್ಲ. ತಿಂಗಳು ತಿಂಗಳೂ ರಿಯಾಯಿತಿ ತರುವ ಆ ಬಿಲ್ಲಿನ ಅಂಕಿಯೇ ಅಲ್ಲಿನ ಹುಡುಗರ ಪಾಲಿಗೆ ಅವರ ಜಾತಕವಾಗಿದೆ. ತಾವು ಯಾವ ದರ್ಜೆಯವರೆಂದು ಅಲ್ಲಿನ ಜನ ತಮ್ಮನ್ನು ಗುರುತಿಸಿಕೊಳ್ಳುತ್ತಾರೆ, ಪರರನ್ನೂ ಹಾಗೆಯೇ ಅಳೆಯುತ್ತಾರೆ. ರಿಯಾಯಿತಿಯನ್ನು ಉಳಿಸಿಕೊಂಡು ಈ ಹಣೆಪಟ್ಟಿಯನ್ನು ತೆಗೆಯುವುದು ಹೇಗೆ, ಬಡಾವಣೆಯ ಬದಲು ಕುಟುಂಬದ ಆದಾಯವನ್ನೇ ಆಧಾರವಾಗಿಸಿಕೊಂಡರೆ ಆದೀತೇ ಎಂಬ ಚರ್ಚೆ ಅಲ್ಲಿ ವರ್ಷಗಳಿಂದ ನಡೆಯುತ್ತಿದೆ.